ದಕ್ಷಿಣ ಚೀನಾ ಸಮುದ್ರಕ್ಕೆ ಯಾಕಿಷ್ಟು ಕಿತ್ತಾಟ? ಅಲ್ಲಿ ಹಡಗು ನಿಂತರೆ ನಮ್ಮ ಅಂಗಡಿಗೂ ಬಿಸಿ

ಮೊಬೈಲ್ ಅಂಗಡಿಯ ಚಾರ್ಜರ್, ಬ್ಯಾಕ್ ಕವರ್, ಎಲ್‌ಇಡಿ ಬಲ್ಬಿನ ಬಿಡಿಭಾಗ... ಚೀನಾದ ಶೆನ್‌ಝೆನ್ ಬಂದರಲ್ಲಿ ಹಡಗು ಹತ್ತುವ ಇಂಥ ಮಾಲು ಭಾರತಕ್ಕೆ ಬರೋದು ದಕ್ಷಿಣ ಚೀನಾ ಸಮುದ್ರ ದಾಟಿಕೊಂಡೇ. ಆ ಸಮುದ್ರ ಯಾರದ್ದು ಅನ್ನೋ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಎಷ್ಟು ಮಾಲು ಓಡಾಡುತ್ತೆ?
ಅಮೆರಿಕದ ಸಿಎಸ್‌ಐಎಸ್ ಅಧ್ಯಯನ ಸಂಸ್ಥೆಯ ಲೆಕ್ಕದಂತೆ, 2016ರಲ್ಲಿ ಈ ದಾರಿಯಲ್ಲಿ ಸಾಗಿದ ಸರಕಿನ ಮೌಲ್ಯ ಸುಮಾರು 3.4 ಲಕ್ಷ ಕೋಟಿ ಡಾಲರ್. ಅಂದರೆ ಜಗತ್ತಿನ ವ್ಯಾಪಾರದ ಐದನೇ ಒಂದು ಪಾಲು! ಜಪಾನ್, ದಕ್ಷಿಣ ಕೊರಿಯಾಗಳಿಗೆ ಗಲ್ಫ್ ದೇಶಗಳಿಂದ ಹೋಗುವ ಕಚ್ಚಾ ತೈಲದ ಮುಖ್ಯ ದಾರಿಯೂ ಇದೇ. ಇದರ ಪಶ್ಚಿಮದ ಬಾಗಿಲು ಮಲಕ್ಕಾ ಜಲಸಂಧಿ. ಸಿಂಗಾಪುರದ ಹತ್ತಿರ ಹಡಗಿನ ಆ ದಾರಿ ಒಂದು ಕಡೆ ಮೂರು ಕಿ.ಮೀ.ಗಿಂತಲೂ ಕಿರಿದು.

ಜಗಳ ಯಾರ್ಯಾರದ್ದು?
ಚೀನಾ, ತೈವಾನ್, ವಿಯೆಟ್ನಾಂ, ಫಿಲಿಪ್ಪೀನ್ಸ್, ಮಲೇಷ್ಯಾ, ಬ್ರೂನೈ. ಸಮುದ್ರ ಕಾನೂನಿನಂತೆ ಕರಾವಳಿ ದೇಶಕ್ಕೆ ತೀರದಿಂದ 200 ನಾಟಿಕಲ್ ಮೈಲಿವರೆಗೆ ಮೀನು, ತೈಲ, ಅನಿಲದ ಹಕ್ಕಿದೆ. ಆದರೆ ನಕ್ಷೆಯಲ್ಲಿ ಒಂಬತ್ತು ಗೆರೆ ಎಳೆದಿರುವ ಚೀನಾ, ಅದರೊಳಗಿನ ಬಹುಪಾಲು ನೀರಿನ ಮೇಲೆ ಹಕ್ಕು ಹೇಳುತ್ತೆ. ಫಿಲಿಪ್ಪೀನ್ಸ್ 2013ರಲ್ಲಿ ಕೇಸು ಹಾಕಿತು. ಆ ಗೆರೆಯೊಳಗಿನ ಸಂಪತ್ತಿನ ಮೇಲೆ ಚೀನಾಕ್ಕೆ ಐತಿಹಾಸಿಕ ಹಕ್ಕಿಲ್ಲ ಅಂತ ಹೇಗ್‌ನ ನ್ಯಾಯಮಂಡಳಿ 2016ರ ಜುಲೈ 12ರಂದು ತೀರ್ಪು ಕೊಟ್ಟಿತು. ಚೀನಾ ಅದನ್ನು ಒಪ್ಪಲೇ ಇಲ್ಲ. ಅಷ್ಟರಲ್ಲಾಗಲೇ ಹವಳದ ದಿಬ್ಬಗಳ ಮೇಲೆ ಮರಳು ಸುರಿದು ದ್ವೀಪ ಕಟ್ಟಿ, ವಿಮಾನದ ರನ್‌ವೇ ಮಾಡಿಕೊಂಡಿತ್ತು.

ಹಡಗು ನಿಂತಿದೆಯಾ?
ಇಲ್ಲ. ಸರಕು ಹಡಗುಗಳು ದಿನವೂ ಓಡಾಡುತ್ತಿವೆ. ಚೀನಾದ ಸ್ವಂತ ವ್ಯಾಪಾರವೂ ಇದೇ ದಾರಿ ನಂಬಿಕೊಂಡಿರೋದರಿಂದ ಬಂದ್ ಮಾಡಿದರೆ ಅದಕ್ಕೂ ನಷ್ಟವೇ. ಸದ್ಯ ಪೆಟ್ಟು ತಿನ್ನುತ್ತಿರುವವರು ಮೀನುಗಾರರು. ಫಿಲಿಪ್ಪೀನ್ಸ್‌ನ ದೋಣಿಗಳ ಮೇಲೆ ಚೀನಾ ಕರಾವಳಿ ಪಡೆ ಜಲಫಿರಂಗಿ ಹಾರಿಸಿದ್ದು ಹಲವು ಸಲ ಸುದ್ದಿಯಾಗಿದೆ.

ನಮಗೇನು?
ದಾರಿ ಪೂರ್ತಿ ಮುಚ್ಚಬೇಕು ಅಂತೇನಿಲ್ಲ, ಭಯ ಹುಟ್ಟಿದರೂ ಸಾಕು. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹೌತಿಗಳು ದಾಳಿ ಶುರು ಮಾಡಿದಾಗ ಹಡಗುಗಳು ಆಫ್ರಿಕಾ ಸುತ್ತಿ ಹೋದವು. ವಿಮೆ, ಬಾಡಿಗೆ, ದಿನ ಎಲ್ಲವೂ ಏರಿತು. ದಕ್ಷಿಣ ಚೀನಾ ಸಮುದ್ರದಲ್ಲೂ ಹಾಗಾದರೆ ಇಂಡೋನೇಷ್ಯಾದ ಲೊಂಬೊಕ್ ಕಡೆ ಸುತ್ತು ಹಾಕಬೇಕು. ಆ ಹೆಚ್ಚಿನ ಖರ್ಚು ಹಡಗು ಕಂಪನಿಯಿಂದ ಹೋಲ್‌ಸೇಲ್‌ಗೆ, ಅಲ್ಲಿಂದ ತಾಲ್ಲೂಕಿನ ಅಂಗಡಿಗೆ, ಕೊನೆಗೆ ಗಿರಾಕಿಯ ಜೇಬಿಗೇ ಬರೋದು.