ಕಾಗದದ ಮೇಲೆ ಬೆಳೆಯುವ ಮಕ್ಕಳು

ಮನೆಯಲ್ಲೊಂದು ಮಗು ಹುಟ್ಟಿದರೆ ತೊಟ್ಟಿಲ ಸುತ್ತ ನಿಂತವರು ಮೊದಲು ಮಾಡುವ ಕೆಲಸ, ಅದರ ಮುಖವನ್ನು ಪಾಲು ಹಾಕುವುದು. ಮೂಗು ಥೇಟ್ ಅಪ್ಪನದು, ಹಣೆ ಅಜ್ಜಿಯದು, ನಕ್ಕರೆ ಸೋದರಮಾವನೇ! ಅಮೆರಿಕದ ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾದಲ್ಲಿ ಈ ಪಾಲುಪಟ್ಟಿಯನ್ನೇ ವೃತ್ತಿ ಮಾಡಿಕೊಂಡ ಕಲಾವಿದರಿದ್ದಾರೆ. ಅವರೆದುರು ಇರುವುದು ಮಾತ್ರ ವರ್ಷಗಳ ಹಿಂದೆ ಕಾಣೆಯಾದ ಮಗುವಿನ ಹಳೆಯ ಫೋಟೊ.

ಅವರು ಕೆಲಸ ಮಾಡುವುದು 1984ರಲ್ಲಿ ಆರಂಭವಾದ ‘ನ್ಯಾಷನಲ್ ಸೆಂಟರ್ ಫಾರ್ ಮಿಸ್ಸಿಂಗ್ ಅಂಡ್ ಎಕ್ಸ್‌ಪ್ಲಾಯ್ಟೆಡ್ ಚಿಲ್ಡ್ರನ್’ ಸಂಸ್ಥೆಯಲ್ಲಿ. ಅದೇ ವರ್ಷ ಅಯೋವಾದ ಡೇರಿಯೊಂದು ಹಾಲಿನ ರಟ್ಟಿನ ಡಬ್ಬಿಗಳ ಮೇಲೆ ಕಾಣೆಯಾದ ಹುಡುಗರ ಚಿತ್ರ ಅಚ್ಚು ಹಾಕಿತ್ತು. ಆದರೆ ಫೋಟೊಗೆ ವಯಸ್ಸಾಗುವುದಿಲ್ಲ, ಮಗುವಿಗೆ ಆಗುತ್ತದೆ. ಆರರ ಹುಡುಗನನ್ನು ಹುಡುಕುವವರ ಎದುರೇ ಹದಿನಾರರ ಹುಡುಗ ಹಾದುಹೋದರೆ ಗುರುತು ಹತ್ತೀತೆ? ಇಲಿನಾಯ್ ವಿಶ್ವವಿದ್ಯಾಲಯದ ವೈದ್ಯಕೀಯ ಚಿತ್ರಕಾರರಾದ ಸ್ಕಾಟ್ ಬ್ಯಾರೋಸ್ ಮತ್ತು ಲೂಯಿಸ್ ಸ್ಯಾಡ್ಲರ್, ಮುಖದ ಬೆಳವಣಿಗೆಯ ಅಳತೆ ಹಿಡಿದು ವಯಸ್ಸು ಏರಿಸುವ ದಾರಿಯನ್ನು 1980ರ ದಶಕದಲ್ಲಿ ತೋರಿಸಿದರು.

ಮುಖ ಎಲ್ಲೆಡೆ ಒಂದೇ ಸಮ ಬೆಳೆಯುವುದಿಲ್ಲ. ತಲೆಬುರುಡೆ ಆರೇಳು ವರ್ಷಕ್ಕೇ ಬಹುಪಾಲು ಬಲಿತಿರುತ್ತದೆ. ಆಮೇಲೆ ಬೆಳೆಯುವುದು ಹೆಚ್ಚಾಗಿ ಕಣ್ಣಿನಿಂದ ಕೆಳಗೆ: ಮೂಗು ಎದ್ದು ನಿಲ್ಲುತ್ತದೆ, ಹಾಲುಹಲ್ಲು ಬಿದ್ದ ಜಾಗಕ್ಕೆ ದೊಡ್ಡ ಹಲ್ಲು ಬರುತ್ತದೆ, ದವಡೆ ಚಾಚಿ ದುಂಡುಮುಖ ನೀಳವಾಗುತ್ತದೆ. ಇದು ಎಲ್ಲ ಮಕ್ಕಳಿಗೂ ಸಲ್ಲುವ ಲೆಕ್ಕ. ಈ ಮಗು ಯಾರ ಮಗು ಎಂದು ಹೇಳುವುದು ಮನೆಯ ಆಲ್ಬಂ. ಮಗುವಿಗೆ ಈಗ ಹದಿನೈದಾಗಿದ್ದರೆ ಅಪ್ಪ, ಅಮ್ಮ, ಅಕ್ಕ, ಅಣ್ಣಂದಿರು ಹದಿನೈದರಲ್ಲಿ ತೆಗೆಸಿಕೊಂಡ ಫೋಟೊ ಬೇಕು. ಕಂಪ್ಯೂಟರಿನಲ್ಲಿ ಅವನ್ನು ಮಗುವಿನ ಮುಖಕ್ಕೆ ಬೆಸೆಯುತ್ತಾರೆ. ಕೇಶಶೈಲಿ, ಬಟ್ಟೆ ಕಲಾವಿದರ ಊಹೆ. ಹದಿನೆಂಟು ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಐದು ವರ್ಷಕ್ಕೊಮ್ಮೆ ಹೊಸ ಚಿತ್ರ.

ಒಂದೇ ಫೋಟೊದಿಂದ ವಯಸ್ಸು ಏರಿಸುವ ತಂತ್ರಾಂಶವನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ತೋರಿಸಿದರು. ಸಾವಿರಾರು ಮುಖಗಳ ಸರಾಸರಿ ಅದರ ಬಂಡವಾಳ. ಆದರೆ ಸರಾಸರಿಗೆ ಅಜ್ಜಿಯ ಹಣೆ ಗೊತ್ತಿರುವುದಿಲ್ಲ.

ಚಿತ್ರ ಬಂದ ಮಾತ್ರಕ್ಕೆ ಮಗು ಬರುವುದಿಲ್ಲ. 2007ರಲ್ಲಿ ಪೋರ್ಚುಗಲ್‌ನಲ್ಲಿ ಕಾಣೆಯಾದ ಮೆಡಲೀನ್ ಮೆಕ್ಯಾನ್‌ಳ ಒಂಬತ್ತರ ಮುಖವನ್ನು ಸ್ಕಾಟ್ಲೆಂಡ್ ಯಾರ್ಡ್ 2012ರಲ್ಲಿ ಪ್ರಕಟಿಸಿತು, ಅವಳು ಸಿಕ್ಕಿಲ್ಲ. ಪಡಿಯಚ್ಚು ಮೂಡಿಸುತ್ತೇವೆಂದು ಕಲಾವಿದರೂ ಹೇಳುವುದಿಲ್ಲ. ಎಲ್ಲೋ ಒಬ್ಬ ಅಂಗಡಿಯವನಿಗೆ, ಒಬ್ಬ ಮೇಷ್ಟ್ರಿಗೆ ‘ಇವನನ್ನು ನೋಡಿದ ಹಾಗಿದೆಯಲ್ಲ’ ಅನ್ನಿಸಿದರೆ ಸಾಕು.

ಮನೆಯಲ್ಲಿ ಮಾತ್ರ ಆ ಚಿತ್ರದ ಬಾಳು ಬೇರೆ. ಅದನ್ನು ಕೈಗೆತ್ತಿಕೊಂಡ ತಾಯಿಗೆ ತಾನೆಂದೂ ಕಾಣದ ಮಗ ಕಾಣಿಸುತ್ತಾನೆ. ಅವನ ದವಡೆಯಲ್ಲಿ, ಹದಿನೈದರ ಗಂಡನೂ.