ಮೊದಲ ಗುಟುಕು

ಹಿತ್ತಿಲ ಬಾಗಿಲು ತೆರೆದರೆ ರಾತ್ರಿ ಬಿದ್ದ ತುಂತುರಿಗೆ ನೆನೆದ ಮಣ್ಣಿನ ವಾಸನೆ, ಅದರ ಹಿಂದೆಯೇ ಒಲೆಬೂದಿಯದು. ಮಾಗಡಿ ಸೀಮೆಯ ಈ ಹಿತ್ತಿಲಿನಲ್ಲಿ ಒಂದು ನುಗ್ಗೆಮರ, ಅದರಾಚೆ ಸೌದೆ ಕೊಟ್ಟಿಗೆ. ಕೊಟ್ಟಿಗೆ ಮೂಲೆಯ ಅರೆಗತ್ತಲಲ್ಲಿ ಭತ್ತದ ಹೊಟ್ಟು ಹಾಸಿದ ಮಂಕರಿ. ಅದರೊಳಗೆ ರೆಕ್ಕೆ ಹರಡಿ, ಮೈಯೆಲ್ಲ ಉಬ್ಬಿಸಿಕೊಂಡು ಕೂತ ಕೆಂಚು ಹೇಂಟೆ. ನಾವು ಬಗ್ಗಿದ್ದೇ ತಡ, ಕತ್ತು ನಿಗುರಿಸಿ ಕೊರ್ರೆಂದು ಗದರಿತು. ದೊಡ್ಡಮ್ಮ ಅದರ ಎದೆಯಡಿ ಮೆಲ್ಲಗೆ ಕೈ ತೂರಿಸಿ ಒಂದು ಮೊಟ್ಟೆ ತೆಗೆದು ನನ್ನ ಕಿವಿಗೆ ಹಿಡಿದರು. ಬೆಚ್ಚಗಿನ ಸಿಪ್ಪೆಯ ಒಳಗಿಂದ ಟಕ್... ಟಕ್...

"ಕೇಳಿಸ್ತಾ? ಒಳಗಿಂದ ಬಾಗಿಲು ತಟ್ತಾ ಐತೆ" ಅಂದರು.

ಆ ಮೊಟ್ಟೆ ಹೇಂಟೆಯದಲ್ಲ. ಕೆನೆಬಣ್ಣದ ಮೇಲೆ ರಾಗಿ ಎರಚಿದಂತೆ ಕಂದು ಚುಕ್ಕೆ, ಒಂದು ತುದಿ ಚೂಪು, ತೂಕ ನಾಟಿ ಮೊಟ್ಟೆಯ ಹೆಚ್ಚುಕಡಿಮೆ ಎರಡರಷ್ಟು. ಅದನ್ನಿಟ್ಟ ಟರ್ಕಿ ಕೋಳಿ ಹಿತ್ತಿಲ ಆ ತುದಿಯ ತಂತಿಬೇಲಿಯೊಳಗೆ ಗಂಭೀರವಾಗಿ ಹೆಜ್ಜೆ ಎಣಿಸುತ್ತಿದೆ. ಹತ್ತು ಹದಿನೈದು ಮೊಟ್ಟೆಗೆ ತಾನೇ ಕಾವು ಕೊಡಬಲ್ಲ ಹಕ್ಕಿಯದು. ಆದರೆ ಕಾವಿಗೆ ಕೂತರೆ ಮೊಟ್ಟೆ ಇಡುವುದು ನಿಲ್ಲುತ್ತದೆ. ಅದಕ್ಕೇ ದೊಡ್ಡಮ್ಮ ಸಂಜೆ ಸಂಜೆ ಸಿಕ್ಕ ಮೊಟ್ಟೆಗಳನ್ನು ತಂಪು ಕೋಣೆಯಲ್ಲಿ, ಚೂಪು ತುದಿ ಕೆಳಗೆ ಮಾಡಿ, ಒಂದು ವಾರ ಮೀರದಂತೆ ಜೋಡಿಸಿಟ್ಟು, ಹೇಂಟೆ ಕಾವಿಗೆ ಬಂದ ದಿನ ಆರನ್ನು ಅದರ ಅಡಿಗಿಟ್ಟರು.

ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನ ಎರಡು ಗುರುತುಗಳಿವೆ. ಮೊದಲನೆಯದು ಟರ್ಕಿ ಮೊಟ್ಟೆ ಇಟ್ಟ ದಿನದ್ದು. ಸರಿಯಾಗಿ ಏಳು ದಿನ ಬಿಟ್ಟು ಇನ್ನೊಂದು. ಅಂದು ಅದೇ ಮಂಕರಿಗೆ ಎರಡು ನಾಟಿ ಮೊಟ್ಟೆ ಸೇರಿದವು. ಟರ್ಕಿ ಮರಿ ಒಡೆದು ಬರಲು 28 ದಿನ ಬೇಕು, ನಾಟಿ ಮರಿಗೆ 21 ಸಾಕು. ಎರಡೂ ಒಂದೇ ದಿನ ಕಣ್ಣು ಬಿಡಲಿ ಎಂಬುದು ಲೆಕ್ಕ. ಏಕೆಂದು ಕೇಳಿದರೆ ದೊಡ್ಡಮ್ಮ "ಮೇಷ್ಟ್ರು ಬೇಕಲ್ಲಪ್ಪ ಅವಕ್ಕೆ" ಅಂದು ಸುಮ್ಮನಾದರು. ನಡುವೆ ಒಂದು ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚಿನ ಮೇಲೆ ಒಂದೊಂದೇ ಮೊಟ್ಟೆ ಹಿಡಿದು ನೋಡಿದ್ದರಂತೆ. ಐದರಲ್ಲಿ ಕೆಂಪು ನರಗಳು ಬೇರಿನಂತೆ ಹರಡಿದ್ದವು. ಒಂದು ಬರೀ ತಿಳಿ. ಅದನ್ನು ಆಚೆ ತೆಗೆದರು.

ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಕೊಟ್ಟಿಗೆಯ ಹೆಂಚಿನ ಸಂದಿಯಿಂದ ಇಳಿದು ಮಂಕರಿಯ ಅಂಚು ಮುಟ್ಟಿತು. ಮೊಟ್ಟೆಯ ಮೇಲೆ ನಕ್ಷತ್ರದಂಥ ಬಿರುಕು; ಅದರೊಳಗೆ ಅಕ್ಕಿನುಚ್ಚಿನಷ್ಟು ಬಿಳಿಯ ಕೊಕ್ಕಿನ ಹಲ್ಲು. ಒಂದಿಷ್ಟು ಕುಕ್ಕುತ್ತದೆ, ಗಂಟೆಗಟ್ಟಲೆ ಸುಸ್ತಾಗಿ ಮಲಗುತ್ತದೆ. ನನ್ನ ಬೆರಳು ತಾನಾಗಿ ಮುಂದೆ ಹೋಯಿತು. "ಕೈ ಹಾಕ್ಬೇಡ, ರಕ್ತ ಇನ್ನೂ ಒಳಕ್ಕೆ ಹೀರ್ಕೊಂಡಿಲ್ಲ" ಎಂದು ದೊಡ್ಡಮ್ಮ ತಡೆದರು. ಸಿಪ್ಪೆಯ ಒಳಪೊರೆಯ ನರಗಳು ಒಣಗಬೇಕು, ಉಳಿದ ಹಳದಿ ಹೊಟ್ಟೆಯೊಳಗೆ ಸೇರಬೇಕು. ಅವಸರ ಮಾಡಿ ಸುಲಿದರೆ ಮರಿ ರಕ್ತ ಸುರಿಸಿಕೊಂಡು ಸಾಯುತ್ತದೆ. ಕಾಯುವುದೇ ಇಲ್ಲಿಯ ಕೆಲಸ. ಮರುದಿನ ಮಧ್ಯಾಹ್ನ ಕಳೆಯುವಷ್ಟರಲ್ಲಿ ಐದು ಟರ್ಕಿ ಮರಿಗಳು, ಎರಡು ನಾಟಿ ಮರಿಗಳು ಒದ್ದೆ ಚಿಂದಿಯಂತೆ ಹೊರಬಿದ್ದು, ಹೇಂಟೆಯ ಬಿಸಿಗೆ ಒಣಗಿ, ಹತ್ತಿಯುಂಡೆಗಳಾದವು.

ಒಣಗಿದ್ದೇ ದೊಡ್ಡಮ್ಮ ಅವನ್ನು ಸೆರಗಿಗೆ ತುಂಬಿಕೊಂಡು ಒಳಕೋಣೆಗೆ ನಡೆದರು. ಅಲ್ಲಿ ತಗಡನ್ನು ದುಂಡಗೆ ಸುತ್ತಿ ನಿಲ್ಲಿಸಿದ ಬೇಲಿ; ಮೂಲೆಯಿದ್ದರೆ ಮರಿಗಳು ಅಲ್ಲಿಗೇ ನುಗ್ಗಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ಕೆಳಗೆ ಹೊಟ್ಟು, ಅದರ ಮೇಲೆ ಗೋಣಿತಾಟು. ಪೇಪರ್ ಹಾಸಿದರೆ ಎಳೆಗಾಲು ಜಾರಿ ಅಗಲಕ್ಕೆ ಸೀಳಿಕೊಳ್ಳುತ್ತದೆ. ಮೇಲೆ ತೂಗುವ ಬಲ್ಬಿನಡಿ ಮೊದಲ ವಾರ 35 ಡಿಗ್ರಿ ಶಾಖ ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ದೊಡ್ಡಮ್ಮನಿಗೆ ಮರಿಗಳೇ ಥರ್ಮಾಮೀಟರ್: ಬಲ್ಬಿನಡಿ ಮುದ್ದೆಯಾದರೆ ಚಳಿ, ತಗಡಿಗೆ ಅಂಟಿ ಬಾಯಿ ತೆರೆದರೆ ಸೆಕೆ, ಎಲ್ಲೆಡೆ ಚೆಲ್ಲಿಕೊಂಡು ಮಲಗಿದರೆ ನೆಮ್ಮದಿ. ಕರೆಂಟು ಹೋದೀತೆಂದು ಬಟ್ಟೆ ಸುತ್ತಿದ ಬಿಸಿನೀರ ಮಡಕೆ ಪಕ್ಕದಲ್ಲೇ ಸಿದ್ಧವಿದೆ.

ಆಗ ಶುರುವಾಯಿತು ಪಾಠ. ನಾಟಿ ಮರಿ ಇಳಿದ ಗಳಿಗೆಯಿಂದಲೇ ನೆಲ ಕೆದಕಿತು. ಟರ್ಕಿ ಮರಿಗಳೋ, ತಟ್ಟೆಯ ಮಧ್ಯದಲ್ಲೇ ನಿಂತು ಎತ್ತಲೋ ನೋಡುತ್ತವೆ. ಕಾಳು ಕಾಲಡಿಯೇ ಇದ್ದರೂ ಅದು ಅನ್ನವೆಂದು ಅವಕ್ಕೆ ತೋಚದು. ಹೊಟ್ಟೆಯ ಹಳದಿ ಎರಡು ಮೂರು ದಿನ ಕಾಪಾಡೀತು. ಅಷ್ಟರೊಳಗೆ ತಿನ್ನಲು ಕಲಿಯದ ಮರಿ ತುಂಬಿದ ತಟ್ಟೆಯೆದುರು ಹಸಿದು ಸಾಯುತ್ತದೆ. ದೊಡ್ಡಮ್ಮ ಒಂದೊಂದರ ಕೊಕ್ಕನ್ನೂ ನೀರಿಗೆ ಅದ್ದಿದರು. ಲೀಟರ್ ನೀರಿಗೆ 100 ಮಿಲಿ ಹಾಲು ಬೆರೆಸಿದ ಆ ತಟ್ಟೆಯಲ್ಲಿ ಬಣ್ಣದ ಗೋಲಿಗಳಿವೆ. ಹೊಳಪು ಕಂಡರೆ ಮರಿ ಕುಕ್ಕುತ್ತದೆ, ಮುಳುಗುವ ಭಯವೂ ಇಲ್ಲ. ಬೇಯಿಸಿದ ಮೊಟ್ಟೆ, ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪನ್ನು ಹಿಂಡಿಯ ಮೇಲೆ ಉದುರಿಸಿದರು. ಹತ್ತು ಮರಿಗೆ ದಿನಕ್ಕೊಂದು ಮೊಟ್ಟೆ, ಹದಿನೈದು ದಿನ. ಹಿಂಡಿಯೂ ಟರ್ಕಿ ಮರಿಯದೇ, ನೂರಕ್ಕೆ 28 ಪಾಲು ಪ್ರೋಟೀನ್ ಇರುವಂಥದ್ದು. ಮಾಮೂಲಿ ಕೋಳಿಮರಿಯ ಹಿಂಡಿ ಇವಕ್ಕೆ ಸಾಲದು. ಆಮೇಲೆ ತೋರುಬೆರಳ ಉಗುರಿನಿಂದ ತಟ್ಟೆಯ ಅಂಚು ಬಡಿದರು, ಟಕ್ ಟಕ್. ನಾಟಿ ಮರಿ ಓಡಿಬಂದು ಕುಕ್ಕಿತು. ಅದನ್ನು ನೋಡಿ ಒಂದು ಟರ್ಕಿ ಮರಿ ಕತ್ತು ಬಗ್ಗಿಸಿತು. ಮತ್ತೊಂದು.

"ಮುಂಚೆ ಹೇಂಟೆ ಜೊತೆಗೇ ಬಿಟ್ಬಿಡ್ತಿದ್ದೆ" ಅಂದರು ದೊಡ್ಡಮ್ಮ, ಕಣ್ಣು ತಟ್ಟೆಯಲ್ಲೇ ಇಟ್ಟು. ಎರಡು ತಿಂಗಳ ಒಂಬತ್ತು ಮರಿಗಳು ಒಂದು ಮಳೆಗಾಲದಲ್ಲಿ ರೆಕ್ಕೆ ಜೋಲಿಸಿಕೊಂಡು, ಗಂಧಕದಂಥ ಹಳದಿ ಹಿಕ್ಕೆ ಹಾಕುತ್ತ, ಹತ್ತೇ ದಿನದಲ್ಲಿ ಹೋದವು. ಅದು ಬ್ಲ್ಯಾಕ್‌ಹೆಡ್ ಎಂಬ ರೋಗ ಎಂದು ಪಶುವೈದ್ಯರು ಬಿಡಿಸಿ ಹೇಳಿದರಂತೆ. ಅದರ ರೋಗಾಣು ಕೋಳಿಯ ಕರುಳಿನ ಹುಳುವಿನ ಮೊಟ್ಟೆಯೊಳಗೆ ಅಡಗಿ ಹಿಕ್ಕೆಯ ಮೂಲಕ ಮಣ್ಣಿಗೆ ಇಳಿದು ವರ್ಷಗಟ್ಟಲೆ ಉಳಿಯುತ್ತದೆ. ಕೋಳಿಗೆ ಹೆಚ್ಚೇನೂ ಆಗದು, ಟರ್ಕಿಯ ಪಿತ್ತಜನಕಾಂಗ ಕೊಳೆಯುತ್ತದೆ. ಅಂದಿನಿಂದ ಹೇಂಟೆಯದು ಕಾವಿನ ಕೆಲಸ ಮಾತ್ರ. ಮಣ್ಣು ಮುಟ್ಟದ ಎಳೆಮರಿಯಷ್ಟೇ ಮೇಷ್ಟ್ರಾಗಿ ಒಳಗೆ ಬರುತ್ತದೆ, ವಾರ ಕಳೆದರೆ ಅದೂ ಆಚೆಗೆ. ಟರ್ಕಿಗಳ ಅಂಗಳಕ್ಕೆ ನಾಟಿ ಕೋಳಿ ಕಾಲಿಡುವಂತಿಲ್ಲ. ಅಲ್ಲಿಗೆ ಹೋಗಲು ದೊಡ್ಡಮ್ಮ ಚಪ್ಪಲಿಯನ್ನೂ ಬದಲಿಸುತ್ತಾರೆ.

ಸಂಜೆ ಆ ಅಂಗಳಕ್ಕೆ ಕಾಳು ಒಯ್ದರು. ತಗಡಿನ ತಟ್ಟೆ ನೆಲಕ್ಕಿಟ್ಟು ಉಗುರಿನಿಂದ ಬಡಿದದ್ದೇ, ಬಾಲ ಬಿಚ್ಚಿ ಮೆರೆಯುತ್ತಿದ್ದ ಗಂಡು ಟರ್ಕಿ ಬೀಸಣಿಗೆಯನ್ನು ಮಡಚಿ, ನೀಲಿ ಕೆಂಪು ಕತ್ತಿನ ಜೋಲು ಅಲ್ಲಾಡಿಸುತ್ತ, ಗೊಬಗೊಬ ಅನ್ನುತ್ತ ಓಡಿಬಂತು. ಹೋದ ವರ್ಷ ಇದೇ ಸದ್ದಿಗೆ ತಿನ್ನಲು ಕಲಿತ ಮರಿಯಂತೆ ಅದು.

ಒಳಗೆ ಐದನೆಯ ಮರಿ ಇನ್ನೂ ಏನನ್ನೂ ಮುಟ್ಟಿರಲಿಲ್ಲ. ದೊಡ್ಡಮ್ಮ ದೀಪ ಹಚ್ಚಲು ಹೋದಾಗ ನಾನು ತಗಡಿನ ಬೇಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ತಟ್ಟೆಯ ಅಂಚು ಬಡಿದೆ. ಮರಿ ತಲೆ ಓರೆಮಾಡಿ ನೋಡಿತು. ಮತ್ತೆ ಬಡಿದೆ. ಮೊದಲು ನನ್ನ ಉಗುರನ್ನೇ ಕುಕ್ಕಿತು, ಆಮೇಲೆ ಉಗುರ ಪಕ್ಕದ ಹಳದಿ ಚೂರನ್ನು. ಪುಟ್ಟ ಗಂಟಲು ಒಮ್ಮೆ ಏರಿ ಇಳಿಯಿತು.