ಹೆಸರಿನ ತಲೆ ಮೇಲಿನ ಗೀಟು ಅಮೆರಿಕಕ್ಕೆ ಯಾಕೆ ಭಾರ?

2009ರಲ್ಲಿ ಬರಾಕ್ ಒಬಾಮ ಅವರು ಸೋನಿಯಾ ಸೊಟೊಮಾಯೋರ್ ಅವರನ್ನು ಅಮೆರಿಕದ ಸುಪ್ರೀಂ ಕೋರ್ಟಿಗೆ ನಾಮನಿರ್ದೇಶನ ಮಾಡಿದಾಗ, ಅವರ ತೀರ್ಪುಗಳ ಜೊತೆಗೆ ಹೆಸರಿನ ಬಗ್ಗೆಯೂ ಜಗಳ ಶುರುವಾಯ್ತು. ಕೊನೆಯ 'ಯೋರ್' ಮೇಲೆ ಒತ್ತು ಕೊಡೋದು ಇಂಗ್ಲಿಷಿಗೆ ಅಸಹಜ, ಅದಕ್ಕೆ ನಾವು ಮಣಿಯಬಾರದು ಅಂತ 'ನ್ಯಾಷನಲ್ ರಿವ್ಯೂ' ಜಾಲತಾಣದಲ್ಲಿ ಮಾರ್ಕ್ ಕ್ರಿಕೋರಿಯನ್ ತಕರಾರು ತೆಗೆದರು. ಇವರು ವಲಸೆಗೆ ಕಡಿವಾಣ ಹಾಕಬೇಕು ಅಂತ ವಾದಿಸುವವರು. ಆದರೆ ಸೊಟೊಮಾಯೋರ್ ಹುಟ್ಟಿದ್ದೇ ನ್ಯೂಯಾರ್ಕಿನಲ್ಲಿ. ಹೆತ್ತವರು ಬಂದಿದ್ದು ಪೋರ್ಟೊ ರಿಕೊದಿಂದ, ಅಲ್ಲಿಯವರು 1917ರಿಂದಲೇ ಅಮೆರಿಕದ ಪೌರರು. ಇನ್ನು 'ಅಸಹಜ' ಅನ್ನೋ ವಾದ: ಇಂಗ್ಲಿಷಿನದೇ ಪದಗಳಾದ ಎಂಜಿನಿಯರ್, ವಾಲಂಟಿಯರ್‌ಗಳಲ್ಲೂ ಒತ್ತು ಬೀಳೋದು ಕೊನೆಗೇ.

ಸ್ಪ್ಯಾನಿಷಿನಲ್ಲಿ ಒತ್ತು ಎಲ್ಲಿ ಅನ್ನೋದು ಅಂದಾಜಿನ ಮಾತಲ್ಲ. ಪದದ ಕೊನೆಗೆ ಸ್ವರ, ಎನ್ ಅಥವಾ ಎಸ್ ಬಂದರೆ ಒತ್ತು ಕೊನೆಯಿಂದ ಎರಡನೇ ಉಚ್ಚಾರಾಂಶಕ್ಕೆ. ಬೇರೆ ವ್ಯಂಜನ ಬಂದರೆ ಕೊನೆಯದಕ್ಕೆ. ಸೊಟೊಮಾಯೋರ್ ಮುಗಿಯೋದು 'ಆರ್'ನಿಂದ, ಲೆಕ್ಕ ಸರಿಯಿದೆ. ಈ ನಿಯಮ ಮೀರುವ ಪದಕ್ಕೆ ಸ್ವರದ ಮೇಲೊಂದು ಓರೆ ಗೀಟು ಹಾಕ್ತಾರೆ. 'ಹೊಸೆ' ಹೆಸರಿನಲ್ಲಿ ಒತ್ತು 'ಸೆ' ಮೇಲೆ, ಗೀಟು ಇರೋದು ಅದಕ್ಕೇ. (ಜೆ ಕಂಡ ತಕ್ಷಣ 'ಜೋಸ್' ಅನ್ನಬೇಡಿ, ಅಲ್ಲಿ ಅದು ಹೆಚ್ಚುಕಮ್ಮಿ ನಮ್ಮ 'ಹ'.)

ಎನ್ ಮೇಲಿನ ಪುಟ್ಟ ಅಲೆಯದ್ದು ಇನ್ನೂ ಗಂಭೀರ ವಿಷಯ. ಅದು ವರ್ಣಮಾಲೆಯಲ್ಲಿ ಬೇರೆಯೇ ಅಕ್ಷರ. ಶಾಲೆ ಬಿಟ್ಟ ಮೇಲೆ ನಾವು ಬಿಡಿಯಾಗಿ ಮುಟ್ಟದ 'ಞ' ಇದೆಯಲ್ಲ, ಸುಮಾರಾಗಿ ಅದೇ ದನಿ. 'ಪೇಞ' ಅನ್ನೋ ಕುಟುಂಬನಾಮಕ್ಕೆ ಬಂಡೆ ಅಂತ ಅರ್ಥ. ಅಲೆ ತೆಗೆದರೆ 'ಪೇನ', ಅಂದರೆ ದುಃಖ. ವರ್ಷ ಅನ್ನೋ 'ಆಞೊ' ಪದದಿಂದ ಅಲೆ ತೆಗೆದರೆ ಗುದದ್ವಾರ!

ಈಗ ಕ್ಯಾಲಿಫೋರ್ನಿಯಾಗೆ ಬನ್ನಿ. 1986ರಲ್ಲಿ ಅಲ್ಲಿನ ಮತದಾರರು 63ನೇ ಪ್ರಸ್ತಾವದ ಮೂಲಕ ಇಂಗ್ಲಿಷನ್ನು ರಾಜ್ಯದ ಅಧಿಕೃತ ಭಾಷೆ ಮಾಡಿದರು. ಜನನ ಪ್ರಮಾಣಪತ್ರದಲ್ಲಿ ಇಂಗ್ಲಿಷಿನ 26 ಅಕ್ಷರಗಳು ಮಾತ್ರ ಅಂತ ಅಧಿಕಾರಿಗಳು ಅದನ್ನು ಅರ್ಥ ಮಾಡಿಕೊಂಡರು. ತಮಾಷೆ ಅಂದ್ರೆ, 'ಓಕಾನರ್' ಥರದ ಐರಿಷ್ ಹೆಸರಿನ ಓ ಪಕ್ಕದ ಕೊಂಬಿಗೆ ಅಡ್ಡಿಯಿಲ್ಲ! ಬೆಂಗಳೂರಿನ ಟೆಕ್ಕಿಗಳೂ ಸಲೀಸಾಗಿ 'ಸ್ಯಾನ್ ಹೊಸೆ' ಅನ್ನುವ ಆ ಊರಿನ ನಗರಾಡಳಿತ ತನ್ನ ಹೆಸರನ್ನು ಗೀಟು ಹಾಕಿಯೇ ಬರೆಯುತ್ತೆ. ಅದೇ ಊರಲ್ಲಿ ಹುಟ್ಟಿದ ಹೊಸೆ ಎಂಬ ಮಗುವಿಗೆ, ಆ ನಿಯಮದ ಪ್ರಕಾರ, ಗೀಟು ಇರಲಿಲ್ಲ.

2017ರಲ್ಲಿ ಶಾಸನಸಭೆ ಇದನ್ನು ತಿದ್ದುವ ಮಸೂದೆ ಪಾಸು ಮಾಡ್ತು. ಡೆಮಾಕ್ರಟಿಕ್ ಪಕ್ಷದವರೇ ಆದ ಗವರ್ನರ್ ಜೆರ್ರಿ ಬ್ರೌನ್ ವೀಟೊ ಹಾಕಿದರು: ಉಳಿದ ರಾಜ್ಯ, ಕೇಂದ್ರ ದಾಖಲೆಗಳು ಬದಲಾಗದೆ ಇದು ಕಷ್ಟ, ದುಬಾರಿ ಕೂಡ ಅಂತ. ವಾದದಲ್ಲಿ ಹುರುಳಿಲ್ಲ ಅನ್ನಲಾಗದು. ಎರಡು ದಾಖಲೆಗಳಲ್ಲಿ ಎರಡು ಸ್ಪೆಲ್ಲಿಂಗ್ ಇದ್ದರೆ ಪರದಾಡೋದು ಹೆಸರಿನವರೇ. ಆದರೆ ಆ ಪರದಾಟಕ್ಕೆ ಮದ್ದು ಉಳಿದ ದಾಖಲೆಗಳನ್ನೂ ತಿದ್ದೋದು ತಾನೆ? ಅದರ ಹಿಂದಿನ ವರ್ಷವಷ್ಟೇ ಮೇಜರ್ ಲೀಗ್ ಬೇಸ್‌ಬಾಲ್ 'ಪೋನ್ಲೆ ಅಸೆಂತೊ', ಅಂದರೆ 'ಗೀಟು ಹಾಕು' ಅನ್ನೋ ಅಭಿಯಾನ ನಡೆಸಿತ್ತು. ಅದ್ರಿಯಾನ್ ಗೊನ್ಸಾಲೆಸ್ ಥರದ ಆಟಗಾರರು ಬೆನ್ನ ಮೇಲೆ ಗೀಟು ಹೊಲಿಸಿಕೊಂಡೇ ಮೈದಾನಕ್ಕೆ ಇಳಿದಿದ್ದರು.